ಬಲ್ಬಿಗೆ ಎರಡು ತಂತಿ, ರಂದಾ ಮಿಷನ್ನಿಗೆ ನಾಲ್ಕು

ನಮ್ಮ ಊರುಗಳಲ್ಲಿ ಬಡಗಿ ಕೆಲಸ ನಡೆಯುವುದು ಹೆಚ್ಚಾಗಿ ಮನೆಯ ಜಗಲಿಯಲ್ಲಿ, ಇಲ್ಲವೇ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ. ಬಾಚಿ, ಉಳಿ, ಹತ್ತರಿ, ಗರಗಸಗಳ ಪಕ್ಕಕ್ಕೆ ಮೊದಲು ಬಂದದ್ದು ಕೈಯಲ್ಲಿ ಹಿಡಿಯುವ ಸಣ್ಣ ಮಿಷನ್. ಅದು ಮನೆಯ ಪ್ಲಗ್ಗಿನಲ್ಲೇ ಓಡಿತು. ಆದರೆ ಬಾಗಿಲು, ಚೌಕಟ್ಟಿನ ಹಲಗೆ ಕೀಸಲು 3 ಎಚ್‌ಪಿ ಅಥವಾ 5 ಎಚ್‌ಪಿಯ ದೊಡ್ಡ ರಂದಾ ಮಿಷನ್ ತರುತ್ತೇನೆ ಎಂದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಮನೆಗೆ ತ್ರೀ ಫೇಸ್ ಇದೆಯಾ?"

ಈ ಪ್ರಶ್ನೆಯ ಹಿಂದೆ ನೂರು ವರ್ಷಕ್ಕೂ ಹಳೆಯ ಕಥೆಯಿದೆ.

ಮೊದಲು ಯಂತ್ರ, ಆಮೇಲೆ ದೀಪ

ತ್ರೀ ಫೇಸ್ ಮೋಟಾರು ರೂಪುಗೊಂಡದ್ದು ಜರ್ಮನಿಯಲ್ಲಿ, 1889ರ ಸುಮಾರಿಗೆ. ಅಲ್ಲಿನ ಎಇಜಿ ಕಂಪನಿಯಲ್ಲಿದ್ದ ಎಂಜಿನಿಯರ್ ಮಿಖಾಯಿಲ್ ಡೊಲಿವೊ-ಡೊಬ್ರೊವೊಲ್ಸ್ಕಿ ಅದನ್ನು ಮಾಡಿ ತೋರಿಸಿದರು. 1891ರಲ್ಲಿ ಲೌಫೆನ್ ಎಂಬ ಊರಿನಿಂದ ಫ್ರಾಂಕ್‌ಫರ್ಟ್‌ಗೆ ಸುಮಾರು 175 ಕಿ.ಮೀ. ದೂರ ತ್ರೀ ಫೇಸ್ ಕರೆಂಟು ಹರಿಸಲಾಯಿತು. ದೂರದ ನೀರಿನ ಬಲದಿಂದ ಯಂತ್ರ ಓಡಿಸಬಹುದು ಎಂದು ಜಗತ್ತಿಗೆ ಆಗ ಖಾತ್ರಿಯಾಯಿತು.

ಅದಾಗಿ ಹನ್ನೊಂದೇ ವರ್ಷಕ್ಕೆ, 1902ರಲ್ಲಿ, ಮೈಸೂರು ಸಂಸ್ಥಾನದ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಕರೆಂಟು ಹುಟ್ಟಿತು. ಅದು ಸುಮಾರು 147 ಕಿ.ಮೀ. ಓಡಿ ಸೇರಿದ್ದು ಯಾವ ಅರಮನೆಗೂ ಅಲ್ಲ, ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಯಲ್ಲಿ ವಿದ್ಯುತ್ ದೀಪ ಬೆಳಗಿದ್ದು ಮೂರು ವರ್ಷದ ನಂತರ, 1905ರ ಆಗಸ್ಟ್‌ನಲ್ಲಿ. ಅಂದರೆ ಆ ದೊಡ್ಡ ಲೈನನ್ನು ಎಳೆದದ್ದೇ ದುಡಿಯುವ ಯಂತ್ರಕ್ಕಾಗಿ. ದೀಪ ಆಮೇಲೆ ಬಂತು.

ಹಳ್ಳಿಯಲ್ಲಿ ಇದು ತಿರುಗುಮುರುಗಾಯಿತು

1957ರಲ್ಲಿ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಶುರುವಾಯಿತು. ಕಂಬಗಳು ಒಂದೊಂದೇ ಊರಿಗೆ ಬಂದವು. ಮನೆಗೆ ಬಂದದ್ದು ಎರಡು ತಂತಿ: ಒಂದು ಫೇಸ್, ಒಂದು ನ್ಯೂಟ್ರಲ್. ಭಾಗ್ಯಜ್ಯೋತಿ ಯೋಜನೆಯಲ್ಲಿ ಬಡವರ ಗುಡಿಸಲಿಗೂ ಒಂದು ಬಲ್ಬು ಬಂತು. ಹೊಲಕ್ಕೆ ಹೋದದ್ದು ತ್ರೀ ಫೇಸ್, ಪಂಪ್‌ಸೆಟ್ಟಿಗಾಗಿ. ದೀಪಕ್ಕೆ ಒಂದು ಲೆಕ್ಕ, ನೀರಿಗೆ ಒಂದು ಲೆಕ್ಕ. ಮನೆಯಲ್ಲೇ ಕೂತು ದುಡಿಯುವ ಬಡಗಿ, ಕಮ್ಮಾರರ ಲೆಕ್ಕವನ್ನು ಬೇರೆಯಾಗಿ ಯಾರೂ ಇಡಲಿಲ್ಲ.

ಎರಡು ತಂತಿಯಲ್ಲಿ ದೊಡ್ಡ ಮಿಷನ್ ಯಾಕೆ ಕಷ್ಟ? ಒಂದು ಫೇಸಿಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್ ಇರುತ್ತದೆ. ಎರಡು ಫೇಸುಗಳ ನಡುವೆ ಸುಮಾರು 400 ವೋಲ್ಟ್. 3 ಎಚ್‌ಪಿ ಮೋಟಾರು ಸಿಂಗಲ್ ಫೇಸಿನಲ್ಲಿ ಹತ್ತಿರ ಹತ್ತಿರ 15 ಆಂಪಿಯರ್ ಎಳೆಯುತ್ತದೆ. ಅದೇ ಕೆಲಸಕ್ಕೆ ತ್ರೀ ಫೇಸಿನಲ್ಲಿ ಒಂದೊಂದು ತಂತಿಯಲ್ಲಿ 5 ಆಂಪಿಯರ್ ಸಾಕು. ಸ್ಟಾರ್ಟ್ ಆಗುವ ಕ್ಷಣದಲ್ಲಿ ಮೋಟಾರು ಐದಾರು ಪಟ್ಟು ಹೆಚ್ಚು ಎಳೆಯುತ್ತದೆ. ಬೀದಿಯ ಮನೆಗಳ ಬಲ್ಬು ಮಂಕಾಗುವುದು, ಫ್ಯೂಸ್ ಹೋಗುವುದು, ವೈರು ಬಿಸಿಯಾಗುವುದು ಇದಕ್ಕೇ.

ನೀರಿನ ಪಾಳಿಯೇ ಕೆಲಸದ ಪಾಳಿ

ಬಹಳ ವರ್ಷ ನಮ್ಮ ಊರು, ಹೊಲ ಎರಡೂ ಒಂದೇ ಲೈನಿನಲ್ಲಿದ್ದವು. ದಿನಕ್ಕೆ ಕೆಲವೇ ಗಂಟೆ ತ್ರೀ ಫೇಸ್, ಉಳಿದ ಹೊತ್ತು ಸಿಂಗಲ್ ಫೇಸ್. ಹಾಗಾಗಿ ಎಷ್ಟೋ ಕಷ್ಟಪಟ್ಟು ತ್ರೀ ಫೇಸ್ ಮೀಟರ್ ಹಾಕಿಸಿಕೊಂಡ ಬಡಗಿಯೂ ರೈತನ ಹಾಗೆಯೇ ಕರೆಂಟು ಕಾಯಬೇಕಾಯಿತು. ರಾತ್ರಿ ಪಾಳಿ ಬಂದರೆ ರಾತ್ರಿಯೇ ಹಲಗೆ ಕೀಸಬೇಕು. ನಿದ್ದೆಗಣ್ಣಿನಲ್ಲಿ, ತಿರುಗುವ ಬ್ಲೇಡಿನ ಮುಂದೆ. ಹಗಲು ಮಾಡಿದರೆ ಕಸುಬು, ರಾತ್ರಿ ಮಾಡಿದರೆ ಬೆರಳಿನ ಜೊತೆ ಜೂಜು.

ಕಾಯಲಾಗದವರು ಅಡ್ಡದಾರಿ ಹಿಡಿದರು. ಮೂರರಲ್ಲಿ ಒಂದು ಫೇಸ್ ಇಲ್ಲದಾಗ ಕಂಡೆನ್ಸರ್ ಹಾಕಿ ಮೋಟಾರು ತಿರುಗಿಸುವ ಉಪಾಯವನ್ನು ಪಂಪ್‌ಸೆಟ್ ಇದ್ದವರೆಲ್ಲ ಬಲ್ಲರು. ಮೋಟಾರು ತಿರುಗುತ್ತದೆ ನಿಜ. ಆದರೆ ಉಳಿದ ಎರಡು ತಂತಿಯ ಮೇಲೆ ಭಾರ ಬಿದ್ದು ಕಾಯಿಲ್ ಸುಡುತ್ತದೆ, ಊರಿನ ಟಿಸಿಗೂ ಪೆಟ್ಟು ಬೀಳುತ್ತದೆ. ಟಿಸಿ ಸುಟ್ಟರೆ ಇಡೀ ಊರು ಕತ್ತಲೆ. ತಪ್ಪು ಯಾರದು ಎಂಬ ಜಗಳ ಬೇರೆ.

2002ರಲ್ಲಿ ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ, ಜೆಸ್ಕಾಂ ಕಂಪನಿಗಳು ಬಂದವು. ಆಮೇಲೆ ಬಂದ ನಿರಂತರ ಜ್ಯೋತಿ ಯೋಜನೆ ಊರಿನ ಲೈನನ್ನೂ ಪಂಪ್‌ಸೆಟ್ ಲೈನನ್ನೂ ಬೇರೆ ಮಾಡಲು ಹೊರಟಿತು. ಎಲ್ಲರೂ ಅದನ್ನು ದೀಪದ ಯೋಜನೆ ಎಂದೇ ಕಂಡರು. ನಮಗೆ ಕಾಣುವುದು ಬೇರೆ. ಲೈನು ಬೇರೆಯಾದ ಊರಿನಲ್ಲಿ ಬಡಗಿಯ ಕೆಲಸದ ಹೊತ್ತನ್ನು ಬೋರ್‌ವೆಲ್ ನಿರ್ಧರಿಸುವುದು ನಿಂತಿತು.

ಇತಿಹಾಸ ಕಲಿಸಿದ ಎಚ್ಚರ

ಈಗ ಮಿಷನ್ ದೊಡ್ಡದು ಮಾಡುವವರು ಹಳೆಯ ಪೆಟ್ಟುಗಳನ್ನು ನೆನಪಿಡಬೇಕು. ಒಂದು ಫೇಸ್ ಹೋದರೆ ಮೋಟಾರನ್ನು ತಾನೇ ನಿಲ್ಲಿಸುವ ಪ್ರಿವೆಂಟರ್ ಇರುವ ಸ್ಟಾರ್ಟರೇ ಬೇಕು. ಅದರಲ್ಲಿ ಇನ್ನೊಂದು ಗುಣವೂ ಇರಬೇಕು: ಕರೆಂಟು ಹೋಗಿ ಬಂದಾಗ ಮಿಷನ್ ತಾನಾಗಿ ತಿರುಗಬಾರದು. ಬ್ಲೇಡಿನ ಮೇಲೆ ಕೈಯಿಟ್ಟು ಹೊಟ್ಟು ತೆಗೆಯುವಾಗಲೇ ಕರೆಂಟು ಬರಬಹುದು. ಕೆಂಪು, ಹಳದಿ, ನೀಲಿ ತಂತಿಗಳಲ್ಲಿ ಎರಡು ಅದಲುಬದಲಾದರೆ ಮೋಟಾರು ಉಲ್ಟಾ ತಿರುಗುತ್ತದೆ. ಅದಕ್ಕೆ ಬೆಲ್ಟ್ ಹಾಕುವ ಮೊದಲೇ ಒಮ್ಮೆ ತಿರುಗಿಸಿ ನೋಡಬೇಕು. ಹಸಿರು ವೈರನ್ನು ಮಿಷನ್ನಿನ ಕಬ್ಬಿಣಕ್ಕೆ ಬಿಗಿದು ಸರಿಯಾದ ಅರ್ಥಿಂಗ್‌ಗೆ ಸೇರಿಸಬೇಕು. ಇದೆಲ್ಲ ಲೈಸೆನ್ಸ್ ಇರುವ ವೈರಿಂಗ್ ಕಂಟ್ರಾಕ್ಟರ್ ಮಾಡುವ ಕೆಲಸ, ಅಳತೆಗೆ ತಕ್ಕ ಲೋಡ್ ಮಂಜೂರು ಮಾಡಿಸಿಕೊಂಡೇ ಮಾಡಬೇಕು.

ಇನ್ನೂ ಒಂದು ಗಂಟು ಉಳಿದಿದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. 2023ರಿಂದ ಮನೆಬಳಕೆಗೆ ಗೃಹಜ್ಯೋತಿ ಇದೆ. ದೀಪಕ್ಕೆ ನೆರವಾಯಿತು, ನೀರಿಗೆ ನೆರವಾಯಿತು. ಅದೇ ಮನೆಯ ಹಿತ್ತಲಿನಲ್ಲಿ 3 ಎಚ್‌ಪಿ ಮಿಷನ್ನಿಟ್ಟು ಹೊಟ್ಟೆ ಹೊರೆಯುವವರು ಮಾತ್ರ ಬೇರೆ ಮೀಟರು, ಬೇರೆ ದರಕ್ಕೆ ಹೋಗಬೇಕು. ಅದಕ್ಕೆ ಹೆದರಿ ಕೆಲವರು ಮನೆಯ ಎರಡು ತಂತಿಯಲ್ಲೇ ಭಾರ ಎಳೆಯುತ್ತಾರೆ, ವೈರು ಸುಡುವವರೆಗೂ.

ಕರೆಂಟು ಈ ನೆಲಕ್ಕೆ ಕಾಲಿಟ್ಟದ್ದೇ ಕೆಲಸ ಮಾಡುವ ಯಂತ್ರಕ್ಕಾಗಿ. ಮುಂದಿನ ಗ್ರಾಮಸಭೆಯಲ್ಲಿ ಬೀದಿದೀಪದ ಮಾತು ಬಂದಾಗ ಊರಿನ ಬಡಗಿಯ ನಾಲ್ಕು ತಂತಿಯ ಮಾತನ್ನೂ ಒಬ್ಬರು ಎತ್ತಲಿ ಎಂಬುದು ನಮ್ಮ ಆಸೆ.