ಬೀಜದ ಹೋರಿಯ ಸಂತಾನಶಕ್ತಿ ಪರೀಕ್ಷೆ

ಮಾಂಸಕ್ಕಾಗಿ ದನ ಸಾಕುವ ಕಡೆ, ಬೀಜದ ಹೋರಿಯನ್ನು ಮಂದೆಗೆ ಬಿಡುವ ಮುನ್ನ ಅದಕ್ಕೆ ಹಸುಗಳನ್ನು ಗಬ್ಬ ಮಾಡುವ ಸಾಮರ್ಥ್ಯವಿದೆಯೇ ಎಂದು ಪಶುವೈದ್ಯರು ನಡೆಸುವ ತಪಾಸಣೆ. ಅಮೆರಿಕದ ರಾಂಚ್‌ಗಳಲ್ಲಿ ಬಲಿತ ಹೋರಿಯೊಂದಕ್ಕೆ ಸಾಮಾನ್ಯವಾಗಿ 25-30 ಹಸುಗಳನ್ನು ಬಿಡುತ್ತಾರೆ. ಪೂರ್ತಿ ಬಂಜೆಯಾದ ಹೋರಿ ಅಪರೂಪ. ಶಕ್ತಿ ಕುಂದಿದ ಹೋರಿಯೇ ಹೆಚ್ಚು ಅಪಾಯಕಾರಿ. ಹಸುಗಳು ತಡವಾಗಿ ಗಬ್ಬವಾಗುತ್ತವೆ, ನಷ್ಟ ಬೇಗ ಕಣ್ಣಿಗೆ ಬೀಳುವುದಿಲ್ಲ.

ಮೊದಲು ಕಾಲು, ಗೊರಸು, ಕಣ್ಣು, ಮೈಕಟ್ಟು ನೋಡುತ್ತಾರೆ. ಕುಂಟುವ ಹೋರಿ ಬೆದೆಗೆ ಬಂದ ಹಸುವಿನ ಬೆನ್ನು ಹತ್ತಲಾರದು. ಬಳಿಕ ಎರಡೂ ವೃಷಣಗಳನ್ನು ಚೀಲದ ತಳಕ್ಕೆ ಮೆಲ್ಲಗೆ ಇಳಿಸಿ ಹಿಡಿದು, ಅತಿ ದಪ್ಪವಿರುವಲ್ಲಿ ಟೇಪು ಸುತ್ತಿ ಅಳೆಯುತ್ತಾರೆ. ಅಮೆರಿಕದ ಥೀರಿಯೋಜೆನಾಲಜಿ (ಪ್ರಾಣಿಗಳ ಸಂತಾನೋತ್ಪತ್ತಿ ವೈದ್ಯಶಾಸ್ತ್ರ) ಸೊಸೈಟಿಯ ಮಾನದಂಡದಂತೆ 15 ತಿಂಗಳವರೆಗಿನ ಹೋರಿಗೆ ಈ ಸುತ್ತಳತೆ ಕನಿಷ್ಠ 30 ಸೆಂ.ಮೀ., ಎರಡು ವರ್ಷ ದಾಟಿದ್ದಕ್ಕೆ 34 ಸೆಂ.ಮೀ. ಇರಬೇಕು. ನಂತರ ವೀರ್ಯ ಸಂಗ್ರಹಿಸಿ ಪರೀಕ್ಷಿಸುತ್ತಾರೆ. ಅದರಲ್ಲಿ ಕನಿಷ್ಠ ಶೇ. 30ರಷ್ಟು ವೀರ್ಯಾಣುಗಳು ಮುಂದಕ್ಕೆ ಚಲಿಸುತ್ತಿರಬೇಕು, ಶೇ. 70ರಷ್ಟರ ಆಕಾರ ಸರಿಯಿರಬೇಕು.

ವೀರ್ಯಾಣು ರೂಪುಗೊಳ್ಳಲು ಸುಮಾರು 61 ದಿನ ಬೇಕು. ಆದ್ದರಿಂದ ಜ್ವರವೋ ಬಿಸಿಲ ಝಳವೋ ತಗುಲಿ ಪರೀಕ್ಷೆಯಲ್ಲಿ ಸೋತ ಹೋರಿಯನ್ನು ಕೂಡಲೇ ಮಾರದೆ, ಎರಡು ತಿಂಗಳು ಬಿಟ್ಟು ಮತ್ತೆ ಪರೀಕ್ಷಿಸುವುದೇ ನ್ಯಾಯ. ಹಸುವನ್ನು ಏರುವ ಆಸಕ್ತಿ ಹೋರಿಗಿದೆಯೇ ಎಂಬುದು ಈ ಪರೀಕ್ಷೆಯಿಂದ ತಿಳಿಯದು. ಅದನ್ನು ಮಂದೆಯಲ್ಲೇ ಗಮನಿಸಬೇಕು.