ಆರೋಗ್ಯವಂತರ ಮೂತ್ರ ಮತ್ತು ಅಳತೆಗೋಲು

ರೋಗಿಯ ಮೂತ್ರವನ್ನು ಪರೀಕ್ಷಿಸುವುದು ನಮ್ಮಲ್ಲಿ ಹಳೆಯ ವಿದ್ಯೆ. ಮೂತ್ರದ ಮೇಲೆ ಒಂದು ಹನಿ ಎಣ್ಣೆಯನ್ನು ಬಿಟ್ಟು, ಅದು ಹರಡುವ ರೀತಿಯಿಂದ ರೋಗದ ಸಾಧ್ಯಾಸಾಧ್ಯತೆಯನ್ನು ನಿರ್ಣಯಿಸುವ ಕ್ರಮವು ‘ಯೋಗರತ್ನಾಕರ’ದಲ್ಲಿದೆ. ಆದರೆ ರೋಗವೇ ಇಲ್ಲದವನ ಮೂತ್ರವನ್ನು ಅಳೆಯಬೇಕೆಂಬ ವಿಚಾರ ತೀರ ಈಚಿನದು.

ಇಂಗ್ಲೆಂಡಿನ ಜೇಮ್ಸ್ ಮಾರ್ಷ್ 1836ರಲ್ಲಿ ಶಂಖಪಾಷಾಣವನ್ನು ಪತ್ತೆಹಚ್ಚುವ ವಿಧಾನವನ್ನು ಪ್ರಕಟಿಸಿದನು. ಆಗಿನ ಪ್ರಶ್ನೆ ಸರಳವಾಗಿತ್ತು: ವಿಷ ಇದೆಯೋ, ಇಲ್ಲವೋ? ಪರೀಕ್ಷೆಗಳು ಸೂಕ್ಷ್ಮವಾದಂತೆ, ಸುಖವಾಗಿರುವ ಮನುಷ್ಯನಲ್ಲಿಯೂ ಇಂಥ ಧಾತುಗಳ ಲೇಶವಿರುವುದು ತಿಳಿದುಬಂದಿತು. ‘ಇದೆಯೇ’ ಎಂಬ ಪ್ರಶ್ನೆ ‘ಎಷ್ಟಿದೆ’ ಎಂದಾಯಿತು. 1955ರಲ್ಲಿ ಆಸ್ಟ್ರೇಲಿಯದ ಅಲನ್ ವಾಲ್ಷ್ ಪರಮಾಣುಗಳು ಬೆಳಕನ್ನು ಹೀರುವ ಪ್ರಮಾಣದಿಂದ ಧಾತುವನ್ನು ಅಳೆಯುವ ದಾರಿಯನ್ನು ತೋರಿಸಿದನು. ಮುಂದೆ ಗ್ರಾಮಿನ ಹತ್ತು ಲಕ್ಷದ ಒಂದು ಪಾಲು, ಅಂದರೆ ಮೈಕ್ರೋಗ್ರಾಮ್ ಕೂಡ ಲೆಕ್ಕಕ್ಕೆ ಸಿಕ್ಕಿತು.

ಇದರಿಂದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಜನರಿಗೇನು? ನಿಪ್ಪಾಣಿ ಎಂದೊಡನೆ ನೆನಪಾಗುವುದು ಬೀಡಿಯ ತಂಬಾಕು. 1817ರಲ್ಲಿ ಜರ್ಮನಿಯ ಸ್ಟ್ರೋಮೆಯರ್ ಕಂಡುಹಿಡಿದ ಕ್ಯಾಡ್ಮಿಯಮ್ ಎಂಬ ಲೋಹವನ್ನು ತಂಬಾಕಿನ ಗಿಡವು ಮಣ್ಣಿನಿಂದ ಹೀರಿ ಎಲೆಯಲ್ಲಿ ಕೂಡಿಹಾಕುತ್ತದೆ. ಧೂಮಪಾನಿಯ ದೇಹದಲ್ಲಿ ಇದು ಇತರರಿಗಿಂತ ಸುಮಾರು ಎರಡು ಪಟ್ಟು ಸಂಗ್ರಹವಾಗುತ್ತದೆ. ಮೂತ್ರಪಿಂಡವನ್ನು ಸೇರಿದರೆ ಹತ್ತಾರು ವರ್ಷ ಅಲ್ಲಿಯೇ ನಿಲ್ಲುತ್ತದೆ. ಕಬ್ಬಿನ ಹೊಲಕ್ಕೆ ಹಾಕುವ ರಂಜಕದ ಗೊಬ್ಬರದಲ್ಲಿಯೂ ಇದರ ಅಂಶವಿರಬಹುದು. ಜಪಾನಿನ ಜಿಂಜೂ ನದಿಯ ದಂಡೆಯಲ್ಲಿ ಗಣಿಯ ಕ್ಯಾಡ್ಮಿಯಮ್ ಅಕ್ಕಿಯ ಮೂಲಕ ಹೊಟ್ಟೆ ಸೇರಿ, ಜನರ ಮೂತ್ರಪಿಂಡ ಕೆಟ್ಟು ಎಲುಬು ಮುರಿದವು. ಇದು ಮಾಲಿನ್ಯದ ರೋಗವೆಂದು ಅಲ್ಲಿಯ ಸರಕಾರ ಒಪ್ಪಿಕೊಂಡದ್ದು 1968ರಲ್ಲಿ.

ಅಳತೆಯಲ್ಲಿ ಎಚ್ಚರ ಬೇಕು. ಬೇಸಗೆಯಲ್ಲಿ ಅಥಣಿಯ ಬಯಲಿನಲ್ಲಿ ದುಡಿದವನ ಮೂತ್ರ ಗಟ್ಟಿ. ನೆರಳಿನಲ್ಲಿ ಕುಳಿತು ನೀರು ಕುಡಿದವನದು ತೆಳು. ಆದುದರಿಂದ ಧಾತುವನ್ನು ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಪ್ರತಿ ಗ್ರಾಮಿಗೆ ಇಷ್ಟೆಂದು ಹೇಳುವುದು ರೂಢಿ. ಸೀಸೆಯನ್ನು ಆಮ್ಲದಿಂದ ತೊಳೆಯಬೇಕು; ಇಲ್ಲದಿದ್ದರೆ ಧೂಳಿನ ಲೋಹವೇ ಮನುಷ್ಯನ ಲೆಕ್ಕಕ್ಕೆ ಬೀಳುತ್ತದೆ.

1990ರಲ್ಲಿ ಇಟಲಿಯ ವಿಜ್ಞಾನಿಗಳು ತಮ್ಮ ಜನರ ಮೂತ್ರ, ರಕ್ತ, ರಕ್ತರಸಗಳಲ್ಲಿಯ 46 ಧಾತುಗಳ ಪ್ರಮಾಣವನ್ನು ಪ್ರಕಟಿಸಿದರು. ಬೆಲೆಯುಳ್ಳ ಕೆಲಸ ಅದು. ಆದರೆ ಅವರ ನೆಲ ಬೇರೆ, ನೀರು ಬೇರೆ, ಊಟ ಬೇರೆ. ಜೋಳದ ರೊಟ್ಟಿಯುಂಡು, ಬಾವಿಯ ನೀರು ಕುಡಿದು, ತಂಬಾಕಿನ ನಡುವೆ ದುಡಿಯುವವರನ್ನು ಅದೇ ಗೋಲಿನಿಂದ ಅಳೆದರೆ ಎರಡು ಬಗೆಯ ಅನ್ಯಾಯವಾದೀತು: ನೆಟ್ಟಗಿರುವವನು ರೋಗಿಯೆನಿಸಿಯಾನು, ಮೆಲ್ಲಮೆಲ್ಲನೆ ವಿಷವನ್ನು ಕೂಡಿಸಿಕೊಳ್ಳುತ್ತಿರುವ ಬೀಡಿ ಕಟ್ಟುವ ತಾಯಿ ಆರೋಗ್ಯವಂತಳೆನಿಸಿಯಾಳು. ಮೂತ್ರಪಿಂಡ ಒಮ್ಮೆ ಕೆಟ್ಟಿತೆಂದರೆ ಮತ್ತೆ ಮೊದಲಿನಂತಾಗುವುದು ಕಷ್ಟ. ಆದ್ದರಿಂದ ರೋಗ ಬರುವ ಮೊದಲೇ, ಆಯಾ ಸೀಮೆಯ ಆರೋಗ್ಯವಂತರಿಂದಲೇ ಆಯಾ ಸೀಮೆಯ ಗೋಲು ಸಿದ್ಧವಾಗಬೇಕು.