ಒಂದೇ ವೇಷ, ಎರಡು ಕುಲ

ಇಂಗ್ಲಿಷಿನಲ್ಲಿ ‘ಲೆಟ್’ ಎಂದರೆ ಬಿಡು, ಅವಕಾಶಕೊಡು ಎಂಬರ್ಥವನ್ನು ಶಾಲೆಯ ಬಾಲಕನೂ ಬಲ್ಲನು. ಆದರೆ ಭಾರತದ ಪಾಸ್‌ಪೋರ್ಟಿನಲ್ಲಿ, ಪ್ರಯಾಣಿಕನನ್ನು ‘ಲೆಟ್’ ಇಲ್ಲದೆ ಸಾಗಗೊಡಬೇಕೆಂದು ರಾಷ್ಟ್ರಪತಿಗಳ ಹೆಸರಿನಲ್ಲಿ ಅಚ್ಚಾಗಿರುವ ಕೋರಿಕೆಯೊಳಗೆ ಅದೇ ಶಬ್ದಕ್ಕೆ ತಡೆಯೆಂದು ಅರ್ಥ. ಒಂದೇ ಶಬ್ದವು ಬಿಡುವುದನ್ನೂ ತಡೆಯುವುದನ್ನೂ ಹೇಳುವುದು ಹೇಗೆ?

ನಿಜದಲ್ಲಿ ಇವು ಎರಡು ಶಬ್ದಗಳು. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಬಿಡುವುದಕ್ಕೆ ದೀರ್ಘಸ್ವರವುಳ್ಳ ‘ಲ್ಯಾಟನ್’ ಎಂದೂ, ತಡೆಯುವುದಕ್ಕೆ ಹ್ರಸ್ವಸ್ವರವೂ ದ್ವಿತ್ವವೂ ಉಳ್ಳ ‘ಲೆಟ್ಟನ್’ ಎಂದೂ ಹೇಳುತ್ತಿದ್ದರು. ಎರಡನೆಯದು ನಿಧಾನವೆಂಬ ಅರ್ಥದ ಶಬ್ದದಿಂದ ಹುಟ್ಟಿದುದು. ಇಂದಿನ ‘ಲೇಟ್’ ಅದೇ ಶಬ್ದದ ಮುಂದಿನ ರೂಪ. ಕನ್ನಡದ ತಡ, ತಡೆ ಎಂಬುವುಗಳ ನಂಟೂ ಇಂಥದೇ. ಇನ್ನೂ ಪೂರ್ವಕಾಲಕ್ಕೆ ಹೋದರೆ ಎರಡಕ್ಕೂ ಒಂದೇ ಮೂಲಧಾತುವನ್ನು ಪಂಡಿತರು ಕಲ್ಪಿಸುವರಾದರೂ, ಬರಹಕ್ಕಿಳಿದ ಇಂಗ್ಲಿಷಿನಲ್ಲಿ ಅವು ಬೇರೆಬೇರೆಯೇ.

1066ರ ನಾರ್ಮನ್ ವಿಜಯದ ತರುವಾಯದ ಶತಮಾನಗಳಲ್ಲಿ ಕೊನೆಯ ಪ್ರತ್ಯಯಗಳು ಸವೆದವು, ದೀರ್ಘವು ಹ್ರಸ್ವವಾಯಿತು, ವೈರಿಗಳಿಬ್ಬರು ಒಂದೇ ವೇಷದಲ್ಲಿ ನಿಂತರು. 1611ರ ಬೈಬಲ್ ಭಾಷಾಂತರದಲ್ಲಿ, ಥೆಸಲೋನಿಕದವರಿಗೆ ಪೌಲನು ಬರೆದ ಎರಡನೆಯ ಪತ್ರಿಕೆಯೊಳಗೆ, ತಡೆಯುವವನನ್ನು ಕುರಿತು ಹೇಳುವಲ್ಲಿ ಈ ಶಬ್ದವೇ ಇದೆ. ಹಳೆಯ ಅರ್ಥವನ್ನರಿಯದವನು ಅಲ್ಲಿ ನಿಷೇಧವನ್ನು ಅನುಮತಿಯೆಂದೇ ಓದುವನು. ಡಾಕ್ಟರ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ಎರಡರ್ಥಗಳನ್ನೂ ಕೊಟ್ಟಿದ್ದನು. 1881ರ ಪರಿಷ್ಕೃತ ಹೊಸ ಒಡಂಬಡಿಕೆಯಾದರೋ ಆ ಸ್ಥಳದಲ್ಲಿ ಸಂದೇಹಕ್ಕೆಡೆಯಿಲ್ಲದ ಬೇರೆ ಶಬ್ದವನ್ನಿರಿಸಿತು.

ಇಂಥ ಕೂಟಗಳು ಇನ್ನೂ ಉಂಟು. ನಾಯಿಯ ಬೊಗಳುವಿಕೆಯಾದ ‘ಬಾರ್ಕ್’ ಇಂಗ್ಲಿಷಿನ ಮನೆಯದು. ಮರದ ತೊಗಟೆಯಾದ ‘ಬಾರ್ಕ್’ ಸ್ಕ್ಯಾಂಡಿನೇವಿಯದವರು ತಂದುದು. ಕಡಲಪ್ರಾಣಿಯಾದ ‘ಸೀಲ್’ ದೇಶ್ಯ. ಮುದ್ರೆಯಾದ ‘ಸೀಲ್’ ಲ್ಯಾಟಿನಿನಿಂದ ಫ್ರೆಂಚಿನ ಮಾರ್ಗವಾಗಿ ಬಂದುದು. ಇದಕ್ಕೆ ವಿರುದ್ಧವಾಗಿ, ನದಿಯ ದಡವಾದ ‘ಬ್ಯಾಂಕ್’ ಹಾಗೂ ಹಣದ ‘ಬ್ಯಾಂಕ್’ ಪರಕೀಯರಂತೆ ತೋರಿದರೂ ದೂರದ ದಾಯಾದಿಗಳು. ಎರಡನೆಯದು ಇಟಲಿಯ ಹಣವಿನಿಮಯದವರ ಮಣೆಯಿಂದ ಬಂದಿತಾದರೂ, ಆ ಮಣೆಯ ಹೆಸರು ಜರ್ಮಾನಿಕ್ ಮೂಲದ್ದೇ. ಆದುದರಿಂದ ರೂಪವನ್ನು ನೋಡಿ ಕುಲವನ್ನು ನಿರ್ಣಯಿಸಬಾರದು.

ಕನ್ನಡಿಗರಿಗೆ ಇದು ಅಪರಿಚಿತವಲ್ಲ. ಖಡ್ಗವೆಂಬರ್ಥದ ‘ಬಾಳ್’, ಜೀವಿಸೆಂಬರ್ಥದ ‘ಬಾೞ್’ ಹಳಗನ್ನಡದಲ್ಲಿ ಬೇರೆಯಾಗಿದ್ದವು. ೞಕಾರವು ಅಳಿಯುತ್ತಿದ್ದ ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಆ ಅಕ್ಷರದ ಶಬ್ದಗಳನ್ನು ಶಬ್ದಮಣಿದರ್ಪಣದಲ್ಲಿ ಎಣಿಸಿ ಕೊಟ್ಟನು. ಇಂದು ಎರಡೂ ‘ಬಾಳು’.

ಕೇಶಿರಾಜನು ಮಾಡಿದ ಕಾರ್ಯವನ್ನೇ ಬೃಹತ್ಪ್ರಮಾಣದಲ್ಲಿ 1884ರಿಂದ 1928ರವರೆಗೆ ಸಂಚಿಕೆಗಳಾಗಿ ಹೊರಬಂದ ಆಕ್ಸ್‌ಫರ್ಡಿನ ಮಹಾನಿಘಂಟು ನೆರವೇರಿಸಿತು. ಏಕರೂಪದ ಶಬ್ದಗಳನ್ನು ಕುಲಾನುಸಾರವಾಗಿ ಬೇರ್ಪಡಿಸಿತು. ಆಡುಮಾತಿನಲ್ಲಿ ತಡೆಯ ‘ಲೆಟ್’ ಸೋತು ಕಾನೂನಿನ ಪತ್ರಗಳನ್ನು ಆಶ್ರಯಿಸಿದೆ. ಆದರೆ ಹಳೆಯ ಗ್ರಂಥಗಳು ಹೊಸ ಅರ್ಥಕ್ಕೆ ಬದ್ಧವಲ್ಲ. ಅವುಗಳನ್ನು ಓದುವವನು ಶಬ್ದದ ಮುಖವನ್ನಲ್ಲ, ಅದರ ವಂಶವನ್ನು ವಿಚಾರಿಸಬೇಕು.